‘ಬ್ಯಾಚ್ ಯಾವಾಗ ರಿಲೀಸ್?’ ಎಂದು ಕೇಳುವವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪ್ಲಾಂಟ್ ಹೆಡ್ ಅವರಿಗೆ, ಡಿಸ್‌ಪ್ಯಾಚ್ ವಿಭಾಗದ ಹಿರಿಯರಿಗೆ, ತಿಂಗಳ ಕೊನೆಯ ಲೆಕ್ಕ ನೋಡುವ ಎಲ್ಲ ಸಾಹೇಬರಿಗೆ,



ಪೀಣ್ಯ, ಜಿಗಣಿ, ಬೊಮ್ಮಸಂದ್ರ, ನಂಜನಗೂಡು, ಔಷಧ ಕಾರ್ಖಾನೆ ಎಲ್ಲೇ ಇರಲಿ, ತಿಂಗಳ ಕೊನೆಯ ವಾರ ಗುಣಮಟ್ಟ ನಿಯಂತ್ರಣದ ಲ್ಯಾಬಿಗೆ ಬರುವ ಫೋನು ಒಂದೇ ಥರದ್ದು. ‘ಬ್ಯಾಚ್ ಯಾವಾಗ ರಿಲೀಸ್ ಆಗುತ್ತೆ?’ ಫೋನ್ ಎತ್ತಿದ ಹುಡುಗಿ ‘ಸರ್, ಒಂದು ಅನ್‌ನೋನ್ ಪೀಕ್ ಬಂದಿದೆ, ನೋಡ್ತಾ ಇದ್ದೀವಿ’ ಎನ್ನುತ್ತಾಳೆ. ‘ಇನ್ನೊಂದ್ಸಲ ಇಂಜೆಕ್ಟ್ ಮಾಡಿ, ಹೋಗುತ್ತೆ’ ಎಂದು ಆ ಕಡೆಯಿಂದ ಉತ್ತರ ಬರುತ್ತದೆ. ಈ ಉತ್ತರದ ಬಗ್ಗೆ ನಿಮ್ಮೊಡನೆ ಮಾತಾಡಬೇಕೆಂದೇ ಈ ಪತ್ರ ಬರೆಯುತ್ತಿದ್ದೇನೆ. ನಿಮ್ಮ ಮೇಲೆ ಇರುವ ಒತ್ತಡ ನನಗೆ ಗೊತ್ತು. ಲಾರಿ ಗೇಟಿನಲ್ಲಿ ನಿಂತಿರುತ್ತದೆ, ಆರ್ಡರ್ ಕೊಟ್ಟವರು ದಿನಕ್ಕೆ ನಾಲ್ಕು ಸಲ ಕೇಳುತ್ತಾರೆ. ಆದರೂ ಆ ಪೀಕ್ ಏನು ಹೇಳುತ್ತಿದೆ ಎಂಬುದು ನಿಮಗೆ ತಿಳಿದಿರಲೇಬೇಕು.

ಲ್ಯಾಬಿನೊಳಗೆ ಕಾಲಿಡದ ಓದುಗರಿಗಾಗಿ ಎರಡು ಮಾತು. ಎಚ್‌ಪಿಎಲ್‌ಸಿ ಎಂಬ ಯಂತ್ರದಲ್ಲಿ ಒಂದು ಪಂಪು ಇರುತ್ತದೆ. ಅದು ನೀರು, ಅಸಿಟೋನೈಟ್ರೈಲ್ ಅಥವಾ ಮೆಥನಾಲ್ ಬೆರೆತ ದ್ರವವನ್ನು, ಅಂದರೆ ಮೊಬೈಲ್ ಫೇಸನ್ನು, ಒಂದು ಸ್ಟೀಲ್ ಕೊಳವೆಯ ಮೂಲಕ ತಳ್ಳುತ್ತಲೇ ಇರುತ್ತದೆ. ಆ ಕೊಳವೆಯೇ ಕಾಲಮ್. ಸಾಮಾನ್ಯವಾಗಿ 250 ಮಿಲಿಮೀಟರ್ ಉದ್ದ, 4.6 ಮಿಲಿಮೀಟರ್ ಒಳವ್ಯಾಸ, ಒಳಗೆ 5 ಮೈಕ್ರಾನ್ ಗಾತ್ರದ ಸಿಲಿಕಾ ಕಣಗಳು ಒತ್ತೊತ್ತಾಗಿ ತುಂಬಿರುತ್ತವೆ. ಮಾತ್ರೆಯನ್ನು ಕರಗಿಸಿ, ಸೋಸಿ, ಅದರ 10 ಅಥವಾ 20 ಮೈಕ್ರೋಲೀಟರ್‌ನಷ್ಟನ್ನು ಈ ಹರಿವಿಗೆ ಸೇರಿಸುತ್ತೇವೆ. ಮಾತ್ರೆಯಲ್ಲಿರುವ ಒಂದೊಂದು ವಸ್ತುವೂ ಕಾಲಮ್ಮಿನಲ್ಲಿ ತನ್ನ ಸ್ವಭಾವಕ್ಕೆ ತಕ್ಕಷ್ಟು ಹೊತ್ತು ತಂಗಿ, ತನ್ನ ಸಮಯಕ್ಕೆ ಹೊರಬರುತ್ತದೆ. ಹೊರಬಂದಾಗ ಡಿಟೆಕ್ಟರು ಅದನ್ನು ಗುರುತಿಸಿ ಪರದೆಯ ಮೇಲೆ ಒಂದು ಗುಡ್ಡ ಬರೆಯುತ್ತದೆ. ಅದೇ ಪೀಕ್. ಬಣ್ಣಬಣ್ಣದ ಎಲೆರಸವನ್ನು ಸೀಮೆಸುಣ್ಣದ ಪುಡಿಯ ಕೊಳವೆಯಲ್ಲಿ ಇಳಿಸಿ ಬೇರ್ಪಡಿಸಿದ ಮಿಖಾಯಿಲ್ ಸ್ವೆಟ್ 1903ರಲ್ಲಿ ವಾರ್ಸಾದಲ್ಲಿ ಈ ವಿಧಾನವನ್ನು ಮೊದಲು ವಿವರಿಸಿದ. ಅಂದಿನಿಂದ ಇಂದಿನವರೆಗೆ ತತ್ವ ಅದೇ, ಒತ್ತಡ ಮಾತ್ರ ಏರುತ್ತಾ ಬಂದಿದೆ. ಈಗ ನಮ್ಮ ಸಾಮಾನ್ಯ ಯಂತ್ರಗಳೂ 400 ಬಾರ್‌ವರೆಗೆ ಎಳೆಯುತ್ತವೆ.

ಹೀಗೆ ಬರುವ ಪೀಕ್‌ಗಳಲ್ಲಿ ಒಂದು ಮಿತಿ ದಾಟಿದ ಪ್ರತಿಯೊಂದಕ್ಕೂ ಹೆಸರಿರಬೇಕು. ದಿನಕ್ಕೆ 2 ಗ್ರಾಂವರೆಗೆ ಕೊಡುವ ಔಷಧವಾದರೆ, ಅದರ ಮೂಲವಸ್ತುವಿನಲ್ಲಿ ಶೇ 0.10 ಮೀರಿದ, ಅಥವಾ ದಿನಕ್ಕೆ 1 ಮಿಲಿಗ್ರಾಂ ಮೀರಿದ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ದಾಟಿದ ಯಾವುದೇ ಕಲ್ಮಶವನ್ನು ಗುರುತಿಸಲೇಬೇಕು ಎನ್ನುತ್ತದೆ ಔಷಧ ನಿಯಮಗಳ ಅಂತರರಾಷ್ಟ್ರೀಯ ಮಂಡಳಿ ಐಸಿಎಚ್‌ನ ಕ್ಯೂ3ಎ ನಿಯಮ. ಸಾವಿರದಲ್ಲಿ ಒಂದು ಪಾಲು. ಇಷ್ಟು ಸಣ್ಣದು ತಾನೇ ಎಂದು ನಿಮಗೆ ಅನಿಸಬಹುದು. ನುಂಗುವವನ ದೇಹ ಅದನ್ನು ವರ್ಷಗಟ್ಟಲೆ ದಿನವೂ ಪಡೆಯುತ್ತಿರುತ್ತದೆ.

ಈಗ ನಿಮ್ಮ ‘ಇನ್ನೊಂದ್ಸಲ ಇಂಜೆಕ್ಟ್ ಮಾಡಿ’ಗೆ ಬರುತ್ತೇನೆ. ಇನ್ನೊಮ್ಮೆ ಇಂಜೆಕ್ಟ್ ಮಾಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಏನನ್ನು ತಿಳಿಯಲು ಮಾಡುತ್ತಿದ್ದೇವೆ ಎಂಬುದು ಮೊದಲೇ ಬರೆದಿಟ್ಟಿದ್ದರೆ ಅದೂ ಒಂದು ಪರೀಕ್ಷೆ. ಪೀಕ್ ಹೋಗಲಿ ಎಂದು ಮಾಡಿದರೆ ಅದು ಪರೀಕ್ಷೆಯಲ್ಲ. ಈ ವ್ಯತ್ಯಾಸದ ಮೇಲೆ ಅಮೆರಿಕದ ನ್ಯಾಯಾಲಯವೊಂದು 1993ರಲ್ಲೇ ತೀರ್ಪು ಕೊಟ್ಟಿದೆ. ಬಾರ್ ಲ್ಯಾಬೊರೇಟರೀಸ್ ಮೇಲಿನ ಪ್ರಕರಣದಲ್ಲಿ ನ್ಯೂಜೆರ್ಸಿಯ ನ್ಯಾಯಾಧೀಶ ಆಲ್ಫ್ರೆಡ್ ವೋಲಿನ್, ಫೇಲ್ ಆದ ಫಲಿತಾಂಶಕ್ಕೆ ಕಾರಣ ಹುಡುಕದೆ ಪಾಸ್ ಆಗುವವರೆಗೂ ಮರುಪರೀಕ್ಷೆ ಮಾಡುತ್ತಾ ಹೋಗುವುದು ಸಲ್ಲದೆಂದರು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2006ರಲ್ಲಿ ಹೊರಡಿಸಿದ ಓಓಎಸ್ (ಔಟ್ ಆಫ್ ಸ್ಪೆಸಿಫಿಕೇಶನ್, ಅಂದರೆ ಮಿತಿ ಮೀರಿದ ಫಲಿತಾಂಶ) ಮಾರ್ಗಸೂಚಿಯ ಹಿಂದೆ ಇರುವುದು ಈ ತೀರ್ಪೇ. ನಾವು ಫೈಲಿನಲ್ಲಿ ‘ಓಓಎಸ್’ ಎಂದು ಬರೆದಾಗ ನಿಮಗೆ ಬೇಸರವಾಗುತ್ತದೆ, ಗೊತ್ತು. ಆ ಮೂರಕ್ಷರಗಳು ಬಂದದ್ದು ಕೋರ್ಟಿನಲ್ಲಿ ಗೆದ್ದ ವಾದದಿಂದ.

ಕಾರಣ ಹುಡುಕುವುದು ಎಂದರೇನು, ಅದಕ್ಕೇಕೆ ಅಷ್ಟು ಹೊತ್ತು ಎಂಬುದನ್ನು ಒಂದೇ ಉದಾಹರಣೆ ತೆಗೆದುಕೊಂಡು ನಿಧಾನವಾಗಿ ಹೇಳುತ್ತೇನೆ.

ಗ್ರೇಡಿಯೆಂಟ್ ಮೆಥಡ್ ನಡೆಯುತ್ತಿದೆ ಎಂದುಕೊಳ್ಳಿ. ಮೊದಲು ನೀರಿನ ಭಾಗವೇ ಹೆಚ್ಚು, ನಂತರ ಅಸಿಟೋನೈಟ್ರೈಲ್ ಏರುತ್ತಾ ಹೋಗುತ್ತದೆ. ಸ್ಯಾಂಪಲ್ಲಿನಲ್ಲಿ ಹನ್ನೊಂದನೇ ನಿಮಿಷದ ಆಸುಪಾಸು ಯಾರೂ ಕಂಡಿರದ ಪೀಕ್ ಬಂದಿದೆ. ಅನುಭವವಿರುವ ಅನಲಿಸ್ಟ್ ಮೊದಲು ಸ್ಯಾಂಪಲ್ ಮುಟ್ಟುವುದಿಲ್ಲ. ಮಾತ್ರೆ ಕರಗಿಸುವ ದ್ರವ, ಅಂದರೆ ಡೈಲ್ಯುಯೆಂಟ್ ಮಾತ್ರ ತುಂಬಿದ ಬ್ಲ್ಯಾಂಕ್ ಹಾಕುತ್ತಾಳೆ. ಅದರಲ್ಲೂ ಪೀಕ್ ಬಂತು. ಹಾಗಾದರೆ ಮಾತ್ರೆಯದ್ದಲ್ಲ. ಆದರೆ ಡೈಲ್ಯುಯೆಂಟಿನದೋ, ವಯಲ್ಲಿನದೋ, ಸೂಜಿಯದೋ? ಈಗ ಏನನ್ನೂ ಇಂಜೆಕ್ಟ್ ಮಾಡದೆ ಬರೀ ಗ್ರೇಡಿಯೆಂಟ್ ಓಡಿಸುತ್ತಾಳೆ. ಪೀಕ್ ಮತ್ತೆ ಬಂತು. ಡೈಲ್ಯುಯೆಂಟ್, ವಯಲ್, ಸೂಜಿ ಮೂರೂ ಈ ಲೆಕ್ಕದಿಂದ ಹೊರಗೆ ಹೋದವು. ಉಳಿದದ್ದು ಮೊಬೈಲ್ ಫೇಸ್ ಮತ್ತು ಅದು ಹರಿದುಬರುವ ದಾರಿ.

ಇಲ್ಲಿ ಒಂದು ಸುಂದರವಾದ ಪರೀಕ್ಷೆ ಇದೆ, ನನಗೆ ಬಹಳ ಇಷ್ಟವಾದದ್ದು. ಮುಂದಿನ ರನ್ನಿಗೆ ಮೊದಲು ಕಾಲಮ್ಮನ್ನು ಹತ್ತು ನಿಮಿಷ ಸಮಸ್ಥಿತಿಗೆ ತರುತ್ತಿದ್ದೆವಲ್ಲ, ಅದನ್ನು ಮೂವತ್ತು ನಿಮಿಷಕ್ಕೆ ಏರಿಸುವುದು. ಬೇರೆ ಏನನ್ನೂ ಬದಲಿಸುವಂತಿಲ್ಲ. ಪೀಕ್ ಸುಮಾರು ಮೂರು ಪಟ್ಟು ದೊಡ್ಡದಾಗಿ ಬಂದರೆ ಅಪರಾಧಿ ನೀರಿನ ಬಾಟಲಿ ಎಂದು ಹೆಚ್ಚುಕಡಿಮೆ ಖಚಿತ. ನಲ್ಲಿಯ ಬಾಯಿಗೆ ಕಟ್ಟಿದ ಬಟ್ಟೆಯಲ್ಲಿ ನೀರು ಹರಿದಷ್ಟೂ ಕಸ ಕೂಡುವ ಹಾಗೆ, ನೀರಿನಲ್ಲಿರುವ ಅಲ್ಪಸ್ವಲ್ಪ ಸಾವಯವ ಕಲ್ಮಶ ಕಾಲಮ್ಮಿನ ಬಾಯಲ್ಲಿ ಕೂಡುತ್ತಾ ಹೋಗುತ್ತದೆ. ಅಸಿಟೋನೈಟ್ರೈಲ್ ಏರಿದಾಗ ಒಟ್ಟಾಗಿ ಕಿತ್ತುಕೊಂಡು ಹೊರಬರುತ್ತದೆ. ಲ್ಯಾಬಿನವರು ಇದನ್ನು ಗೋಸ್ಟ್ ಪೀಕ್ ಎನ್ನುತ್ತಾರೆ. ಆಮೇಲೆ ನೀರಿನ ಘಟಕದ ಕಾರ್ಟ್ರಿಜ್ ನೋಡಬೇಕು, ಬಾಟಲಿ ತೊಳೆದ ಡಿಟರ್ಜೆಂಟ್ ಉಳಿದಿದೆಯೇ ನೋಡಬೇಕು, ಬಾಟಲಿಯ ಬಾಯಿಗೆ ಪ್ಯಾರಾಫಿಲ್ಮ್ ಸುತ್ತಿದ್ದಾರೆಯೇ ನೋಡಬೇಕು. ಒಂದೊಂದು ರನ್ನಿಗೆ ನಲವತ್ತು, ಐವತ್ತು ನಿಮಿಷ ಹಿಡಿಯುತ್ತದೆ. ನೀವು ಫೋನ್ ಮಾಡಿದಾಗ ನಾವು ‘ನೋಡ್ತಾ ಇದ್ದೀವಿ’ ಎಂದದ್ದು ಈ ಕೆಲಸವನ್ನು. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ ನೋಡುವುದರಿಂದ ಅದು ನಿಧಾನ. ಆತುರಕ್ಕೆ ನೀರು, ಕಾಲಮ್, ವಯಲ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಪೀಕ್ ಹೋಗಲೂಬಹುದು. ಯಾವುದರಿಂದ ಹೋಯಿತೆಂಬುದು ಗೊತ್ತಾಗುವುದಿಲ್ಲ, ಮುಂದಿನ ತಿಂಗಳು ಅದೇ ಪೀಕ್ ವಾಪಸ್ ಬರುತ್ತದೆ.

ಬ್ಲ್ಯಾಂಕಿನಲ್ಲಿ ಬಂದು, ಇಂಜೆಕ್ಷನ್ ಇಲ್ಲದ ರನ್ನಿನಲ್ಲಿ ಬಾರದಿದ್ದರೆ ಕಥೆ ಬೇರೆ. ಗಾಢ ಸ್ಟ್ಯಾಂಡರ್ಡ್ ಹಾಕಿದ ನಂತರದ ಬ್ಲ್ಯಾಂಕಿನಲ್ಲಿ ದೊಡ್ಡದಾಗಿ ಬಂದು, ಮುಂದಿನ ಬ್ಲ್ಯಾಂಕ್‌ಗಳಲ್ಲಿ ಇಳಿಯುತ್ತಾ ಹೋದರೆ ಅದು ಕ್ಯಾರಿಓವರ್. ಸೂಜಿಯಲ್ಲೋ ರೋಟರ್ ಸೀಲಿನಲ್ಲೋ ಹಿಂದಿನದು ಉಳಿದಿದೆ. ಇಳಿಯದೆ ಒಂದೇ ಸಮ ಬರುತ್ತಿದ್ದರೆ ಸಿರಿಂಜ್ ಫಿಲ್ಟರ್, ವಯಲ್ಲಿನ ಸೆಪ್ಟಾ ಇಂಥವುಗಳಿಂದ ಬಿಟ್ಟುಕೊಂಡದ್ದಿರಬಹುದು. ಸೋಸುವಾಗ ಮೊದಲ ಒಂದೆರಡು ಮಿಲಿಲೀಟರ್ ಚೆಲ್ಲಿ ಎಂದು ಮೆಥಡ್‌ಗಳು ಹೇಳುವುದು ಅದಕ್ಕೇ. ಇನ್ನೊಂದು ಜಾತಿಯ ಪೀಕ್ ನೋಡಿದೊಡನೆ ತಿಳಿಯುತ್ತದೆ. ಸುತ್ತಲಿನ ಪೀಕ್‌ಗಳೆಲ್ಲ ಚೂಪಾಗಿದ್ದು ನಡುವೆ ಒಂದು ಮಾತ್ರ ಅಗಲವಾಗಿ ಹರಡಿ ಕೂತಿದ್ದರೆ ಅದು ಈ ಇಂಜೆಕ್ಷನ್ನಿನದ್ದೇ ಅಲ್ಲ, ಹಿಂದಿನ ಇಂಜೆಕ್ಷನ್ನಿನಿಂದ ತಡವಾಗಿ ಬಂದದ್ದು. ರನ್ ಟೈಮನ್ನು ಎರಡು ಮೂರು ಪಟ್ಟು ಹಿಗ್ಗಿಸಿದರೆ ಅದು ತನ್ನ ನಿಜವಾದ ಜಾಗದಲ್ಲಿ ಕಾಣಿಸಿಕೊಳ್ಳುತ್ತದೆ.

ಈ ಎಲ್ಲ ಸಾಧ್ಯತೆಗಳು ಸುಳ್ಳಾಗಿ, ಪೀಕ್ ಸ್ಯಾಂಪಲ್ಲಿನಲ್ಲಿ ಮಾತ್ರ ಉಳಿದರೆ, ಆಗ ಅದು ನಿಮ್ಮ ಮಾತ್ರೆಯದ್ದು. ಆಗ ಫೋನ್ ಮಾಡಬೇಕಾದವರು ನಾವು, ಉತ್ತರಿಸಬೇಕಾದವರು ನೀವು. ಯಾವ ಬ್ಯಾಚಿನ ದ್ರಾವಕ, ಯಾರಿಂದ ಬಂದ ಕಚ್ಚಾವಸ್ತು, ಒಣಗಿಸುವ ತಾಪಮಾನ ಬದಲಾಗಿತ್ತೇ, ರಿಯಾಕ್ಟರ್ ತೊಳೆದದ್ದು ಯಾವಾಗ, ಇವಕ್ಕೆಲ್ಲ ಉತ್ತರ ಲ್ಯಾಬಿನಲ್ಲಿಲ್ಲ.

ಇನ್ನೊಂದು ವಿಷಯ ಯಂತ್ರದ ಒತ್ತಡದ್ದು. ‘ಪ್ರೆಶರ್ ಏರಿದರೇನು, ಯಂತ್ರ ಓಡ್ತಾ ಇದೆಯಲ್ಲ’ ಎಂಬ ಮಾತನ್ನು ಎಷ್ಟೋ ಲ್ಯಾಬುಗಳಲ್ಲಿ ಕೇಳಿದ್ದೇನೆ. ಒತ್ತಡದ ಗೆರೆ ಯಂತ್ರದ ನಾಡಿ. ಅದು ಏರುವುದು, ಇಳಿಯುವುದು, ಕುಣಿಯುವುದು ಮೂರಕ್ಕೂ ಮೂರು ಬೇರೆ ಅರ್ಥ. ಇದರ ಜೊತೆಗೆ, ಕೆಲವು ಸಲ ಏರಿಳಿತಕ್ಕೆ ಯಾವ ದೋಷವೂ ಕಾರಣವಲ್ಲ ಎಂಬುದೂ ಗೊತ್ತಿರಬೇಕು. ನೀರಿಗೆ ಮೆಥನಾಲ್ ಬೆರೆಸಿದಾಗ ಮಿಶ್ರಣ ಎರಡಕ್ಕಿಂತಲೂ ಮಂದವಾಗುತ್ತದೆ. ಸುಮಾರು ಅರ್ಧಕ್ಕರ್ಧ ಇರುವಲ್ಲಿ ಅದರ ಸ್ನಿಗ್ಧತೆ ಬರೀ ನೀರಿನದಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು. ಹಾಗಾಗಿ ಮೆಥನಾಲ್ ಗ್ರೇಡಿಯೆಂಟಿನ ನಡುವೆ ಒತ್ತಡ ಗುಡ್ಡದಂತೆ ಏರಿ ಇಳಿಯುವುದು ಸಹಜ. ಅದನ್ನು ಕಂಡು ಹೊಸ ಹುಡುಗರು ಗಾಬರಿಯಾಗಿ ರನ್ ನಿಲ್ಲಿಸುವುದುಂಟು. ಕಾಲಮ್ ಓವನ್ ಬಳಸದೆ ಕೋಣೆಯ ಉಷ್ಣತೆಯಲ್ಲೇ ನಡೆಸುವ ಹಳೆಯ ಮೆಥಡ್‌ಗಳಲ್ಲಿ ರಾತ್ರಿ ತಂಪಾದಾಗಲೂ ಒತ್ತಡ ಏರುತ್ತದೆ, ಪೀಕ್‌ಗಳೂ ತಡವಾಗಿ ಬರುತ್ತವೆ.

ನಿಜವಾದ ದೋಷವಿದ್ದಾಗ ಒತ್ತಡ ಏರುವ ರೀತಿಯೇ ಬೇರೆ. ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಏರಿದರೆ ಎಲ್ಲೋ ಜಾಲರಿ ಕಟ್ಟುತ್ತಿದೆ. ಎಲ್ಲಿ ಎಂದು ಕಂಡುಹಿಡಿಯಲು ಡಿಟೆಕ್ಟರಿನ ಕಡೆಯಿಂದ ಶುರುಮಾಡಿ ಹಿಂದೆ ಹಿಂದೆ ಒಂದೊಂದೇ ಕೂಡುಗಳನ್ನು ಬಿಚ್ಚುತ್ತಾ ಬರಬೇಕು. ಯಾವುದನ್ನು ಬಿಚ್ಚಿದಾಗ ಒತ್ತಡ ಥಟ್ಟನೆ ಬಿದ್ದುಹೋಗುತ್ತದೋ ಅದರ ಮುಂದಿನ ಭಾಗದಲ್ಲಿ ಅಡಚಣೆ ಇದೆ. ಹೆಚ್ಚಿನ ಸಲ ಸಿಗುವುದು ಕಾಲಮ್ಮಿನ ಬಾಯಿಯ ಜಾಲರಿ, ಅಂದರೆ ಫ್ರಿಟ್. ಅದನ್ನು ಕಟ್ಟಿಸಿದ್ದು ಪಂಪಿನ ಸೀಲು ಸವೆದು ಉದುರಿದ ಚೂರಿರಬಹುದು, ಸರಿಯಾಗಿ ಸೋಸದ ಸ್ಯಾಂಪಲ್ ಇರಬಹುದು. ಇಲ್ಲವೇ ಫಾಸ್ಫೇಟ್ ಬಫರ್ ಹರಿಯುತ್ತಿದ್ದ ಯಂತ್ರಕ್ಕೆ ನಡುವೆ ನೀರು ಬಿಡದೆ ನೇರ ಅಸಿಟೋನೈಟ್ರೈಲ್ ಬಿಟ್ಟಿದ್ದರಿಂದ ಒಳಗೇ ಹರಳುಗಟ್ಟಿದ ಉಪ್ಪಿರಬಹುದು. ಶಿಫ್ಟ್ ಮುಗಿಯುವ ಆತುರದಲ್ಲಿ ತೊಳೆಯುವ ಇಪ್ಪತ್ತು ನಿಮಿಷ ಉಳಿಸಿದರೆ ಒಂದು ಕಾಲಮ್ ಹೋಗುತ್ತದೆ.

ಕುಣಿಯುವ ಒತ್ತಡ ಇನ್ನೂ ಸೂಕ್ಷ್ಮ. ಪಂಪಿನ ತಲೆಯಲ್ಲಿ ಚೆಕ್ ವಾಲ್ವ್ ಎಂಬ ಪುಟ್ಟ ಭಾಗವಿದೆ. ಅದರೊಳಗೆ ಸಫೈರ್ ಪೀಠದ ಮೇಲೆ ಕೂರುವ ಸಾಸಿವೆ ಗಾತ್ರದ ಮಾಣಿಕ್ಯದ ಗುಂಡು. ಪಿಸ್ಟನ್ ಹಿಂದೆ ಸರಿದಾಗ ಒಂದು ಗುಂಡು ಎದ್ದು ದ್ರವವನ್ನು ಒಳಗೆ ಬಿಡುತ್ತದೆ, ಮುಂದೆ ತಳ್ಳಿದಾಗ ಅದು ಕೂತು ಇನ್ನೊಂದು ಏಳುತ್ತದೆ. ಪೀಠದ ಮೇಲೆ ಕಣ್ಣಿಗೆ ಕಾಣದ ಜಿಗುಟು ಕೂತರೂ ಸಾಕು, ಗುಂಡು ಪೂರ್ತಿ ಮುಚ್ಚುವುದಿಲ್ಲ, ಒಂದಿಷ್ಟು ದ್ರವ ಹಿಂದಕ್ಕೆ ಜಾರುತ್ತದೆ. ಒತ್ತಡದ ಗೆರೆ ಪಿಸ್ಟನ್ನಿನ ಲಯಕ್ಕೇ ಮೇಲೆ ಕೆಳಗೆ ಆಡುತ್ತದೆ. ಗಾಳಿಗುಳ್ಳೆ ಸಿಕ್ಕಿಕೊಂಡರೂ ಹೀಗೇ ಆಗುತ್ತದೆ. ಆದ್ದರಿಂದ ಮೊದಲು ಪರ್ಜ್ ಮಾಡಿ, ಡಿಗ್ಯಾಸರ್ ನೋಡಿ, ಆಮೇಲೆ ವಾಲ್ವ್ ಬಿಚ್ಚಿ ಐಸೊಪ್ರೊಪನಾಲಿನಲ್ಲಿ ಸೊನಿಕೇಟ್ ಮಾಡುತ್ತಾರೆ. ಪಂಪು ನಿಜವಾಗಿ ಎಷ್ಟು ತಳ್ಳುತ್ತಿದೆ ಎಂದು ತಿಳಿಯಲು ದುಬಾರಿ ಉಪಕರಣ ಬೇಡ. ನಿಮಿಷಕ್ಕೆ 1 ಮಿಲಿಲೀಟರ್ ಇಟ್ಟು, ಹೊರಬರುವ ದ್ರವವನ್ನು 10 ಮಿಲಿಲೀಟರಿನ ವಾಲ್ಯುಮೆಟ್ರಿಕ್ ಫ್ಲಾಸ್ಕಿಗೆ ಹಿಡಿಯಿರಿ. ಹತ್ತು ನಿಮಿಷಕ್ಕೆ ಸರಿಯಾಗಿ ಗುರುತು ಮುಟ್ಟಬೇಕು. ಹತ್ತೂವರೆ ಆದರೆ ಎಲ್ಲೋ ಸೋರಿಕೆಯಿದೆ. ಆಗ ಕೂಡುಗಳ ಮೇಲೆ ಬೆರಳಾಡಿಸಿ. ಬಫರ್ ಸೋರಿ ಆರಿದ ಜಾಗದಲ್ಲಿ ಬಿಳಿ ಪುಡಿ ಅಂಟಿಕೊಂಡಿರುತ್ತದೆ.

ಇಷ್ಟು ವಿವರವೇಕೆ ಎಂದರೆ, ಒತ್ತಡ ಮತ್ತು ಪೀಕ್ ಬೇರೆ ಬೇರೆ ತೊಂದರೆಗಳೆಂದು ನೀವು ಭಾವಿಸಿದ್ದೀರಿ. ಹರಿವು ಶೇ 5ರಷ್ಟು ತಗ್ಗಿದರೆ ಪೀಕ್‌ಗಳೆಲ್ಲ ಸುಮಾರು ಅಷ್ಟೇ ತಡವಾಗಿ ಬರುತ್ತವೆ. ಇಪ್ಪತ್ತನೇ ನಿಮಿಷಕ್ಕೆ ಬರಬೇಕಾದದ್ದು ಇಪ್ಪತ್ತೊಂದಕ್ಕೆ ಬಂದರೆ ಸಾಫ್ಟ್‌ವೇರು ಅದನ್ನು ಗುರುತಿಸುವುದಿಲ್ಲ. ಹೆಸರಿದ್ದ ಕಲ್ಮಶ ‘ಅನ್‌ನೋನ್’ ಆಗುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ, ಹೆಸರಿಲ್ಲದ್ದು ಬೇರೊಂದರ ಜಾಗಕ್ಕೆ ಸರಿದು ಅದರ ಹೆಸರು ಹೊತ್ತು ಪಾಸಾಗುವುದು. ಹಾಗೆಯೇ, ತಟಸ್ಥ ಪಿಎಚ್ ಬಳಿಯ ಫಾಸ್ಫೇಟ್ ಬಫರನ್ನು ಹಲವು ದಿನ ಇಟ್ಟರೆ ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಅವು ಫ್ರಿಟ್ಟನ್ನು ಕಟ್ಟಿ ಒತ್ತಡ ಏರಿಸುತ್ತವೆ, ಅವು ಬಿಟ್ಟ ವಸ್ತುಗಳು ಗೋಸ್ಟ್ ಪೀಕ್‌ಗಳಾಗಿ ಬರುತ್ತವೆ. ಒಂದೇ ಬಾಟಲಿ, ಎರಡು ಲಕ್ಷಣ. ಒತ್ತಡದ ದಾಖಲೆಯನ್ನು ಯಾರೂ ನೋಡದ ಲ್ಯಾಬಿನಲ್ಲಿ ಪೀಕಿನ ತನಿಖೆಯೂ ಅರ್ಧಂಬರ್ಧವೇ ಆಗುತ್ತದೆ.

ಹೆಸರಿಲ್ಲದ ಪೀಕನ್ನು ಸುಮ್ಮನೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ವಲ್ಸಾರ್ಟಾನ್ ಪ್ರಕರಣ ಇದೆ. ಬಿಪಿಗೆ ಕೊಡುವ ಈ ಔಷಧದ ಮೂಲವಸ್ತುವನ್ನು ಚೀನಾದ ಝೆಜಿಯಾಂಗ್ ಹುವಾಹಾಯ್ ಕಂಪನಿ ತಯಾರಿಸಿ ಹಲವು ದೇಶಗಳಿಗೆ ಕಳಿಸುತ್ತಿತ್ತು. 2018ರ ಜೂನ್‌ನಲ್ಲಿ ಅದರ ಗ್ರಾಹಕರೊಬ್ಬರು, ಉಳಿಕೆ ದ್ರಾವಕಗಳ ಪರೀಕ್ಷೆಯಲ್ಲಿ ಹೆಸರಿಲ್ಲದ ಪೀಕ್ ಬರುತ್ತಿದೆ ಎಂದು ದೂರು ಕೊಟ್ಟರು. ಅದು ಎನ್‌ಡಿಎಂಎ, ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ವಸ್ತು ಎಂದು ತಿಳಿದುಬಂತು. ಜುಲೈಯಲ್ಲಿ ಯುರೋಪ್, ಅಮೆರಿಕಗಳಲ್ಲಿ ಮಾತ್ರೆಗಳನ್ನು ಹಿಂದಕ್ಕೆ ಕರೆಸಿದರು. ತಯಾರಿಕೆಯ ವಿಧಾನ ಬದಲಿಸಿದಾಗ ಡಿಎಂಎಫ್ ದ್ರಾವಕ ಮತ್ತು ಸೋಡಿಯಂ ನೈಟ್ರೈಟ್ ಒಂದೇ ಪ್ರಕ್ರಿಯೆಯಲ್ಲಿ ಕೂಡಿದ್ದೇ ಮೂಲ ಕಾರಣವಾಗಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಎಫ್‌ಡಿಎ ಬರೆದ ಎಚ್ಚರಿಕೆ ಪತ್ರದಲ್ಲಿ ಇರುವ ಒಂದು ಸಂಗತಿ ನನ್ನನ್ನು ಇವತ್ತಿಗೂ ಕಾಡುತ್ತದೆ. 2012ರ ಬ್ಯಾಚುಗಳ ಹಳೆಯ ಕ್ರೊಮಟೋಗ್ರಾಮ್‌ಗಳಲ್ಲೇ, ಟಾಲುಯೀನ್ ಎಂಬ ದ್ರಾವಕದ ಪೀಕಿನ ನಂತರ, ಎನ್‌ಡಿಎಂಎ ಬರಬಹುದಾದ ಜಾಗದಲ್ಲಿ, ಹೆಸರಿಲ್ಲದ ಪೀಕ್ ಕಾಣಿಸುತ್ತಿತ್ತು. ಅದು ಗ್ಯಾಸ್ ಕ್ರೊಮಟೋಗ್ರಫಿ, ನಮ್ಮದು ಲಿಕ್ವಿಡ್. ಆದರೆ ಪರದೆ ನೋಡುವ ಕಣ್ಣು ಒಂದೇ, ಫೋನ್ ಮಾಡುವ ಧ್ವನಿಯೂ ಒಂದೇ. ಆಗಲೇ ಒಬ್ಬ ಅನಲಿಸ್ಟಿಗೆ ‘ಇದೇನು’ ಎಂದು ಕೇಳುವ ಸಮಯವನ್ನೂ ಅಧಿಕಾರವನ್ನೂ ಕೊಟ್ಟಿದ್ದರೆ ಎಷ್ಟು ಜನ ಆ ಮಾತ್ರೆ ನುಂಗುವುದು ತಪ್ಪುತ್ತಿತ್ತು!

ಎನ್‌ಡಿಎಂಎಗೆ ಎಫ್‌ಡಿಎ ಒಪ್ಪಿದ ಮಿತಿ ದಿನಕ್ಕೆ 96 ನ್ಯಾನೊಗ್ರಾಂ. ನಮ್ಮ ಸಾಮಾನ್ಯ ಯುವಿ ಡಿಟೆಕ್ಟರಿಗೆ ಅಷ್ಟು ಸಣ್ಣದು ಕಾಣುವುದೂ ಕಷ್ಟ. ಹಾಗಿರುವಾಗ, ಕಣ್ಣಿಗೆ ರಾಚುವಂತೆ ಎದ್ದು ನಿಂತ ಪೀಕನ್ನು ಬೇಸ್‌ಲೈನ್ ಎಳೆದು ಅಳಿಸಿ ಎನ್ನುವುದು ನನಗೆ ಸಹಿಸಲಾಗದ ಮಾತು. ಹೀಗೆ ಕೈಯಿಂದ ಬೇಸ್‌ಲೈನ್ ಎಳೆಯುವ ಮ್ಯಾನುವಲ್ ಇಂಟಿಗ್ರೇಷನ್‌ಗೆ ಅದರದೇ ಜಾಗವಿದೆ, ಕಾರಣ ಬರೆದು ಸಹಿ ಹಾಕಿ ಮಾಡುವ ಕೆಲಸ ಅದು. ಪೀಕಿನ ಬುಡವನ್ನು ಕತ್ತರಿಸಿ ಶೇ 0.12 ಇದ್ದದ್ದನ್ನು ಶೇ 0.09 ಮಾಡುವುದಕ್ಕೆ ಯಾವ ಕಾರಣವೂ ಇಲ್ಲ. ‘ಟ್ರಯಲ್’ ಎಂಬ ಫೋಲ್ಡರಿನಲ್ಲಿ ಮೊದಲು ಇಂಜೆಕ್ಟ್ ಮಾಡಿ ನೋಡಿ, ಚೆನ್ನಾಗಿ ಬಂದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳುವ ಪದ್ಧತಿಗೂ ಕಾರಣವಿಲ್ಲ. ಸಾಫ್ಟ್‌ವೇರು ತಾನೇ ಬರೆದಿಡುವ ಆಡಿಟ್ ಟ್ರೇಲಿನಲ್ಲಿ ಅದೆಲ್ಲ ಉಳಿದಿರುತ್ತದೆ. ತಪಾಸಣೆಗೆ ಬಂದವರು ಕಂಡುಹಿಡಿದಾಗ ಹೊಣೆ ಬೀಳುವುದು ಇಪ್ಪತ್ತೈದು ವರ್ಷದ ಒಬ್ಬ ಹುಡುಗನ ತಲೆಗೆ. ಫೋನ್ ಮಾಡಿದವರ ಹೆಸರು ಯಾವ ದಾಖಲೆಯಲ್ಲೂ ಇರುವುದಿಲ್ಲ. ಇದು ಅನ್ಯಾಯ, ಮತ್ತು ಇದನ್ನು ನಿಲ್ಲಿಸುವುದು ನಿಮ್ಮ ಕೈಯಲ್ಲೇ ಇದೆ.

ಹಾಗಾದರೆ ನಿಮ್ಮಿಂದ ನಾವು ಬೇಡುವುದೇನು? ದೊಡ್ಡದೇನಲ್ಲ. ಪಂಪಿನ ಸೀಲು, ಚೆಕ್ ವಾಲ್ವ್, ಇನ್‌ಲೈನ್ ಫಿಲ್ಟರಿನ ಜಾಲರಿ, ಇವು ಲ್ಯಾಬಿನ ಕಪಾಟಿನಲ್ಲಿ ಸದಾ ಇರಲಿ. ಕೆಟ್ಟ ಮೇಲೆ ಇಂಡೆಂಟ್ ಹಾಕಿ ಮೂರು ಸಹಿಗೆ ಕಾಯುವಂತಾಗಬಾರದು. ಪ್ರತಿ ಕಾಲಮ್ಮಿಗೂ ಒಂದು ಪುಸ್ತಕವಿರಲಿ, ಹೊಸದಾಗಿದ್ದಾಗ ಯಾವ ಮೊಬೈಲ್ ಫೇಸಿನಲ್ಲಿ ಎಷ್ಟು ಒತ್ತಡ ತೋರಿಸುತ್ತಿತ್ತು ಎಂಬುದು ಅದರಲ್ಲಿ ಬರೆದಿರಲಿ. ಆ ಅಂಕಿ ಇಲ್ಲದಿದ್ದರೆ ಇವತ್ತಿನ 180 ಬಾರ್ ಹೆಚ್ಚೋ ಕಡಿಮೆಯೋ ಹೇಳುವವರು ಯಾರು? ಬಿಡುಗಡೆಯ ವೇಳಾಪಟ್ಟಿ ಮಾಡುವಾಗ ಪರೀಕ್ಷೆಗೆ ಬೇಕಾದ ಸಮಯದ ಜೊತೆ ತನಿಖೆಗೂ ಸಮಯ ಇಡಿ. ರಾತ್ರಿ ಪಾಳಿಗೆ ಅನುಭವಿ ಒಬ್ಬರನ್ನಾದರೂ ಹಾಕಿ, ಯಂತ್ರ ಕೆಡುವುದು ಕಚೇರಿಯ ವೇಳೆ ನೋಡಿಕೊಂಡಲ್ಲ.

ಇನ್ನೊಂದು ಬೇಡಿಕೆಗೆ ಹಣವೂ ಬೇಡ. ಮುಂದಿನ ಸಲ ಲ್ಯಾಬಿಗೆ ಫೋನ್ ಮಾಡಿದಾಗ ‘ಯಾವಾಗ’ ಎಂದು ಕೇಳುವ ಮೊದಲು ‘ಬ್ಲ್ಯಾಂಕಿನಲ್ಲೂ ಬಂತಾ?’ ಎಂದು ಕೇಳಿ. ಆ ಒಂದು ಪ್ರಶ್ನೆಗೆ ಫೋನಿನ ಈ ತುದಿಯಲ್ಲಿರುವ ಹುಡುಗಿ ನಿಮಗೆ ಮಾಡಿದ ಪರೀಕ್ಷೆಯನ್ನೂ, ಮಾಡಬೇಕಾದದ್ದನ್ನೂ, ಎಷ್ಟು ಗಂಟೆ ಬೇಕೆಂಬುದನ್ನೂ ಸರಿಯಾಗಿ ಹೇಳುತ್ತಾಳೆ. ಅವಳು ಹೇಳಿದ ಸಮಯವನ್ನು ಅವಳಿಗೆ ಕೊಡಿ, ಲಾರಿಯನ್ನು ಅಲ್ಲಿಯವರೆಗೆ ನಿಲ್ಲಿಸಿ.

ಇತಿ ತಮ್ಮ ವಿಶ್ವಾಸಿ,
ಗುಣಮಟ್ಟ ನಿಯಂತ್ರಣ ಲ್ಯಾಬಿನ ಒಬ್ಬ ಅನಲಿಸ್ಟ್